ಡ್ರಿಲ್ ಮಾಸ್ತರರಿಂದ ಕೋಚ್‌ವರೆಗೆ: ಆಟ ಕಲಿಸುವುದನ್ನೇ ಓದಿದವರ ನೂರು ವರ್ಷ

ತಾಲ್ಲೂಕು ಮಟ್ಟದ ಕ್ರೀಡಾಕೂಟಗಳ ವರದಿಗೆ ಹೋದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸರ್, ಆಟದಲ್ಲಿ ಮುಂದೆ ಬಂದ್ರೆ ಕೆಲಸ ಸಿಗುತ್ತಾ?" ಕೇಳುವವರ ಮನಸ್ಸಿನಲ್ಲಿ ಇರುವುದು ಸ್ಪೋರ್ಟ್ಸ್ ಕೋಟಾ. ರೈಲ್ವೆ, ಪೊಲೀಸ್, ಸೇನೆ. ಪದಕ ಬಂದರೆ ನೌಕರಿ, ಬಾರದಿದ್ದರೆ ವಾಪಸ್ ಹೊಲ.

ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಆಡುವುದನ್ನಲ್ಲ, ಆಡಿಸುವುದನ್ನು ಓದಿ ಬದುಕು ಕಟ್ಟಿಕೊಳ್ಳಬಹುದೇ? ಕಟ್ಟಿಕೊಳ್ಳಬಹುದು. ನಮ್ಮ ದೇಶದಲ್ಲಿ ಈ ಓದಿಗೆ ನೂರು ವರ್ಷ ದಾಟಿದೆ. ಆದರೆ ಅದರ ಕಥೆ ಶಾಲೆಯ ಇತಿಹಾಸ ಪುಸ್ತಕದಲ್ಲಿ ಇಲ್ಲ. ಹಾಗಾಗಿಯೇ ಪಿ.ಟಿ. ಮೇಷ್ಟ್ರು ಅಂದರೆ ಸೀಟಿ ಊದುವವರು, ಆಗಸ್ಟ್ 15ಕ್ಕೆ ಮಕ್ಕಳನ್ನು ಸಾಲು ನಿಲ್ಲಿಸುವವರು ಅನ್ನುವ ಭಾವನೆ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಗರಡಿಯಲ್ಲೂ ಪಠ್ಯವಿತ್ತು

ದೇಹವನ್ನು ಪಳಗಿಸುವ ವಿದ್ಯೆ ಬ್ರಿಟಿಷರ ಜೊತೆ ಬಂದದ್ದೇನಲ್ಲ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅಡುಗೆಯಿಂದ ಆನೆ ಪಳಗಿಸುವವರೆಗೆ ಎಲ್ಲವೂ ಇರುವ ಆ ಗ್ರಂಥದಲ್ಲಿ ಕುಸ್ತಿಗೇ ಒಂದು ಭಾಗವಿದೆ. ಅದರ ಹೆಸರು ಮಲ್ಲವಿನೋದ.

ಅದನ್ನು ನೋಡಿದರೆ ಇಂದಿನ ಕೋಚ್ ಒಬ್ಬರ ನೋಟ್‌ಬುಕ್ ನೆನಪಾಗುತ್ತದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಪಳಗಿದ ಮಟ್ಟ ನೋಡಿ ಬೇರೆ ಬೇರೆ ದರ್ಜೆ ಮಾಡುವುದು ಅದರಲ್ಲಿದೆ. ಅವರಿಗೆ ಏನು ಊಟ ಕೊಡಬೇಕು ಅನ್ನುವುದಿದೆ. ಭಾರ ಎತ್ತುವುದು, ನಡೆಯುವುದು, ಈಜುವುದು, ತೋಳಿನ ಪಟ್ಟು, ಕಂಬದ ಮೇಲಿನ ಸಾಮು, ಹೀಗೆ ಅಭ್ಯಾಸಗಳನ್ನು ಬಿಡಿಬಿಡಿಯಾಗಿ ಹೆಸರಿಸಲಾಗಿದೆ. ಕಂಬದ ಮೇಲಿನ ಆ ಸಾಮೇ ಇವತ್ತಿನ ಮಲ್ಲಗಂಬ.

ಆದರೆ ಈ ವಿದ್ಯೆ ಸಾಗಿ ಬಂದದ್ದು ಪುಸ್ತಕದಿಂದಲ್ಲ, ಗರಡಿ ಮನೆಯಿಂದ. ಕೆಮ್ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಗದೆ. ಹೇಳಿಕೊಡುವವರು ಉಸ್ತಾದರು. ಹುಡುಗನ ಮೈ ನೋಡಿ ಅವನಿಗೆಷ್ಟು ಅಂತ ಅಳತೆ ಮಾಡುವುದು ಅವರ ಅನುಭವ. ಮೈಸೂರಿನ ಗರಡಿಗಳಿಗೆ ಅರಮನೆಯ ಆಸರೆ ಇತ್ತು, ದಸರಾ ಕುಸ್ತಿ ಇತ್ತು. ಆದರೆ ಉಸ್ತಾದರಿಗೆ ತಿಂಗಳ ಸಂಬಳವಿಲ್ಲ, ಸರ್ಟಿಫಿಕೇಟ್ ಇಲ್ಲ. ಅವರು ತೀರಿಕೊಂಡರೆ ವಿದ್ಯೆಯ ಅರ್ಧ ಭಾಗ ಅವರ ಜೊತೆಗೇ ಹೋಗುತ್ತಿತ್ತು.

ಇತ್ತ ಇಂಗ್ಲಿಷ್ ಶಾಲೆಗಳು ಬಂದಾಗ ಆಟದ ಪಾಠಕ್ಕೆ ಉಸ್ತಾದರನ್ನು ಕರೆಯಲಿಲ್ಲ. ಪಲ್ಟನ್ನಿನಿಂದ ನಿವೃತ್ತರಾದ ಸಿಪಾಯಿಗಳನ್ನು ಕರೆದರು. ಅವರಿಗೆ ಗೊತ್ತಿದ್ದದ್ದು ಕವಾಯತು. ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್, ಲೆಫ್ಟ್ ರೈಟ್. ಉತ್ತರ ಕರ್ನಾಟಕದ ಹಿರಿಯರು ಇವತ್ತಿಗೂ 'ಡ್ರಿಲ್ ಮಾಸ್ತರ' ಅನ್ನುವುದು ಅದಕ್ಕೇ. ಹೆಸರು ಉಳಿದಂತೆ, ಆ ಕೆಲಸಕ್ಕೆ ಓದು ಬೇಡ ಅನ್ನುವ ಭಾವನೆಯೂ ಉಳಿದುಕೊಂಡಿತು.

ಬೆಳಗಾವಿಯ ಓಟಗಾರ, ಆಂಟ್ವರ್ಪ್‌ನ ರಸ್ತೆ

1919ರ ಸುಮಾರಿಗೆ ಉದ್ಯಮಿ ದೊರಾಬ್ಜಿ ಟಾಟಾ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಹೋಗಿದ್ದರು. ಓಡುತ್ತಿದ್ದವರು ಬಹುತೇಕ ಹೊಲದಲ್ಲಿ ದುಡಿಯುವ ಹುಡುಗರು, ಬರಿಗಾಲು. ಅದನ್ನು ನಡೆಸುವವರಿಗೂ ನಿಯಮಗಳ ತಿಳಿವಳಿಕೆ ಇರಲಿಲ್ಲ. 100 ಗಜದ ಓಟವನ್ನು ತಿರುವಿನ ಮೇಲೆ, ಪ್ರತ್ಯೇಕ ಗೆರೆಗಳನ್ನೂ ಹಾಕದೆ ಓಡಿಸಲು ಹೊರಟಿದ್ದರು ಎಂದು ಟಾಟಾ ಆಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ನೆನಪಿಸಿಕೊಂಡಿದ್ದಾರೆ. ಆದರೆ ಆ ಹುಡುಗರ ಓಟದ ವೇಳೆ ನೋಡಿ ಅವರಿಗೆ ಅಚ್ಚರಿಯಾಗಿತ್ತು. ಯುರೋಪಿನವರಿಗೆ ಹೋಲಿಸುವಂತಿತ್ತು.

ಟಾಟಾ ಮುಂದಾಳತ್ವದಲ್ಲಿ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಚಿಕ್ಕ ತಂಡವೊಂದು ಹೋಯಿತು. ಅದರಲ್ಲಿ ನಮ್ಮವರೊಬ್ಬರಿದ್ದರು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಬೆಳಗಾವಿ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್. ಒಲಿಂಪಿಕ್ಸ್ ಚರಿತ್ರೆಯಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೊಂದಿಲ್ಲ. ಚೌಗುಲೆ ಸುಮಾರು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು.

19ನೇ ಸ್ಥಾನ ಅಂದರೆ ಪದಕವಿಲ್ಲ, ಹಾಗಾಗಿ ಹೆಚ್ಚಿನವರಿಗೆ ಅವರ ಹೆಸರೂ ಗೊತ್ತಿಲ್ಲ. ಆದರೆ ಯೋಚಿಸಿ. ಗೆದ್ದ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಅದಾಗಲೇ 1912ರಲ್ಲಿ ಮೂರು ಚಿನ್ನ ಗೆದ್ದಿದ್ದವರು. ಅವರ ಹಿಂದೆ ಓಟದ ಪಳಗಿದ ಪರಂಪರೆಯೇ ಇತ್ತು. ನಮ್ಮಲ್ಲಿ ಓಡುವ ಕಾಲುಗಳಿದ್ದವು. ಅವುಗಳನ್ನು ಯಾವಾಗ ಓಡಿಸಬೇಕು, ಯಾವಾಗ ನಿಲ್ಲಿಸಬೇಕು, ಏನು ತಿನ್ನಿಸಬೇಕು ಎಂದು ಓದಿ ತಿಳಿದವರು ಇರಲಿಲ್ಲ. ನಮ್ಮ ಕಥೆ ಇರುವುದು ಈ ಕೊರತೆಯಲ್ಲೇ.

ಮದ್ರಾಸಿನಲ್ಲಿ ಒಂದು ಕಾಲೇಜು

ಅದೇ 1920ರಲ್ಲಿ ಮದ್ರಾಸಿನಲ್ಲಿ ಒಂದು ಶಾಲೆ ಚಿಕ್ಕದಾಗಿ ಶುರುವಾಯಿತು. ಶುರು ಮಾಡಿದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು, ವೈಎಂಸಿಎ ಸಂಸ್ಥೆಯ ಪರವಾಗಿ. ಇವತ್ತು ಅದು ಚೆನ್ನೈನ ನಂದನಂನಲ್ಲಿರುವ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು. ಆಟ ಮತ್ತು ವ್ಯಾಯಾಮ ಕಲಿಸುವವರನ್ನು ತಯಾರು ಮಾಡಲೆಂದೇ ಹುಟ್ಟಿದ, ದೇಶದ ಅತ್ಯಂತ ಹಳೆಯ ಕಾಲೇಜುಗಳಲ್ಲಿ ಒಂದು.

ಬಕ್ ಓದಿ ಬಂದದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ. 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಅದೇ ಶಾಲೆಯಲ್ಲಿ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಕಟ್ಟಿಸಿ ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದರು. ಅಲ್ಲೇ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ ಹತ್ತಿರದ ಊರೊಂದರಲ್ಲಿ ವಾಲಿಬಾಲ್ ಶುರು ಮಾಡಿದರು. ಸಂಜೆ ಹೊತ್ತು ನಮ್ಮ ಹಳ್ಳಿಗಳ ಶಾಲೆ ಬಯಲಲ್ಲಿ ಕಟ್ಟುವ ವಾಲಿಬಾಲ್ ನೆಟ್ ಒಬ್ಬ ಪಿ.ಟಿ. ಮೇಷ್ಟ್ರ ತಲೆಯಿಂದ ಬಂದದ್ದು. ಅದನ್ನು ಭಾರತದಲ್ಲಿ ಹರಡಿದ್ದರಲ್ಲಿ ವೈಎಂಸಿಎಯವರ ಪಾಲು ದೊಡ್ಡದು.

ಬಕ್ ಅವರ ಕಾಲೇಜಿನ ಹೊಸತನ ಏನು? ಆಟ ಕಲಿಸುವವನು ಮೊದಲು ಮನುಷ್ಯನ ದೇಹ ಓದಬೇಕು ಅನ್ನುವ ನಿಲುವು. ಮೂಳೆ, ಸ್ನಾಯು, ಉಸಿರಾಟ, ಆರೋಗ್ಯ, ಪ್ರಥಮ ಚಿಕಿತ್ಸೆ, ಪಂದ್ಯ ನಡೆಸುವ ಕ್ರಮ. ಕವಾಯತು ಒಂದೇ ಸಾಲದು, ಮಗುವಿಗೆ ಆಟ ಬೇಕು ಅನ್ನುವ ಮಾತು. ಬಕ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತ ತಂಡದ ಮ್ಯಾನೇಜರ್ ಆಗಿ ಹೋದರು. ದಕ್ಷಿಣ ಭಾರತದ ಶಾಲಾ ಕಾಲೇಜುಗಳಿಗೆ ಮೊದಲ ತಲೆಮಾರಿನ ದೈಹಿಕ ಶಿಕ್ಷಣ ನಿರ್ದೇಶಕರು ಬಂದದ್ದು ಹೆಚ್ಚಾಗಿ ಅವರ ಕಾಲೇಜಿನಿಂದ. 'ಪಿ.ಡಿ. ಸರ್' ಅನ್ನುವ ಕಾಲೇಜಿನ ಮಾತಿನ ಬೇರು ಅಲ್ಲಿದೆ.

ಹೊರಗಿನವರೇ ಎಲ್ಲ ಮಾಡಿದರು ಅಂದುಕೊಳ್ಳಬೇಡಿ. ಬಕ್ ಬರುವ ಮೊದಲೇ, 1914ರಲ್ಲಿ, ಅಮರಾವತಿಯಲ್ಲಿ ವೈದ್ಯ ಸಹೋದರರು ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಕಟ್ಟಿದ್ದರು. ಮಲ್ಲಗಂಬ, ಲಾಠಿ, ಕಬಡ್ಡಿಯಂಥ ನಮ್ಮ ಆಟಗಳನ್ನೇ ಶಿಸ್ತಾಗಿ ಕಲಿಸುವುದು ಅವರ ದಾರಿ. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅವರ ತಂಡ ಜರ್ಮನಿಗೆ ಹೋಗಿ ಈ ಆಟಗಳನ್ನು ಆಡಿ ತೋರಿಸಿತು.

ಮೈಸೂರು, ಬೆಂಗಳೂರಿನಲ್ಲಿ ಬೇರೆಯೇ ದಾರಿ

ಅದೇ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಲೇಜಿನ ಹೊರಗೆ ಎರಡು ಪ್ರಯೋಗ ನಡೆದವು. ಇವತ್ತು ಫಿಟ್‌ನೆಸ್ ಉದ್ಯಮ ಅನ್ನುತ್ತೇವಲ್ಲ, ಅದರ ಮೊಳಕೆ ಅವುಗಳಲ್ಲಿತ್ತು.

ಒಂದು, ಬೆಂಗಳೂರಿನ ಕೆ.ವಿ. ಅಯ್ಯರ್ ಅವರದು. 'ಶಾಂತಲಾ' ಕಾದಂಬರಿ ಬರೆದವರೆಂದು ಓದುವವರಿಗೆ ಅವರು ಪರಿಚಿತರು. ಅವರ ಮುಖ್ಯ ಕಸುಬು ವ್ಯಾಯಾಮ. ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು, ಇಂಗ್ಲಿಷಿನಲ್ಲಿ ವ್ಯಾಯಾಮದ ಪುಸ್ತಕ ಬರೆದರು, ಅಂಚೆಯ ಮೂಲಕವೂ ಪಾಠ ಹೇಳಿದರು. ದೂರದ ಊರಿನವರಿಗೆ ಅಭ್ಯಾಸದ ಕ್ರಮ ಪೋಸ್ಟಿನಲ್ಲಿ ಹೋಗುತ್ತಿತ್ತು. ಈಗಿನ ಆನ್‌ಲೈನ್ ಕೋಚಿಂಗ್‌ಗೆ ಇದು ಅಜ್ಜ. ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಅವರು ಒಟ್ಟಿಗೆ ಕಲಿಸಿದರು.

ಇನ್ನೊಂದು, ಜಗನ್ಮೋಹನ ಅರಮನೆಯ ಯೋಗಶಾಲೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸರೆಯಲ್ಲಿ 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅಲ್ಲಿ ಪಾಠ ಆರಂಭಿಸಿದರು. ಅವರ ಶಿಷ್ಯರಲ್ಲಿ ಇಬ್ಬರು ಹಳ್ಳಿಯಿಂದ ಬಂದವರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್. ಅಯ್ಯಂಗಾರ್ ಪುಣೆಯಲ್ಲಿ, ಜೋಯಿಸರು ಮೈಸೂರಿನಲ್ಲೇ ನೆಲೆ ನಿಂತು ಯೋಗ ಕಲಿಸುವುದನ್ನೇ ಜೀವನ ಮಾಡಿಕೊಂಡರು. ಮುಂದೆ ಅವರ ಪದ್ಧತಿಗಳು ಜಗತ್ತಿಗೆಲ್ಲ ಹರಡಿದವು. ಮೈಸೂರಿಗೆ ಇವತ್ತಿಗೂ ವಿದೇಶಿಯರು ಯೋಗ ಕಲಿಯಲು ಬರುತ್ತಾರೆ. ಅವರನ್ನು ನಂಬಿ ಬಾಡಿಗೆ ಮನೆ, ಹೋಟೆಲ್, ಆಟೊ ನಡೆಯುತ್ತವೆ. ದೇಹದ ವಿದ್ಯೆ ಕಸುಬಾಗಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಗೊತ್ತಿಲ್ಲ.

ಸೋಲಿನ ನಂತರ ಹುಟ್ಟಿದ ಪಟಿಯಾಲ

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೇ ಕೈ ಹಾಕಿತು. 1857ರ ಹೋರಾಟಕ್ಕೆ ನೂರು ತುಂಬಿದ 1957ರ ಆಗಸ್ಟ್‌ನಲ್ಲಿ ಗ್ವಾಲಿಯರ್‌ನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ಶುರುವಾಯಿತು. ಝಾನ್ಸಿ ರಾಣಿ ಪ್ರಾಣಬಿಟ್ಟ ಊರು ಅದು. ಮೂರು ವರ್ಷದ ಪೂರ್ಣ ಪದವಿ ಅಲ್ಲಿತ್ತು. ಬೇರೆ ಡಿಗ್ರಿ ಮುಗಿಸಿ ಆಮೇಲೆ ಸೇರುವ ಕೋರ್ಸ್ ಅಲ್ಲ, ಪದವಿಯೇ ದೈಹಿಕ ಶಿಕ್ಷಣದಲ್ಲಿ. ಈಗ ಅದು ಡೀಮ್ಡ್ ವಿಶ್ವವಿದ್ಯಾಲಯ.

ಮರು ವರ್ಷ, 1958ರಲ್ಲಿ, ಟೋಕಿಯೊ ಏಷ್ಯನ್ ಕ್ರೀಡಾಕೂಟ. ಮಿಲ್ಖಾ ಸಿಂಗ್ ಎರಡು ಚಿನ್ನ ತಂದರು. ಆದರೆ ಒಟ್ಟಾರೆ ಸಾಧನೆ ನಿರಾಸೆ ತಂದಿತು, ಹಾಕಿಯಲ್ಲೂ ಚಿನ್ನ ಪಾಕಿಸ್ತಾನದ ಪಾಲಾಯಿತು. ಕಾರಣ ಹುಡುಕಲು ಸರ್ಕಾರ ಸಮಿತಿ ನೇಮಿಸಿತು. ಸಮಿತಿ ಕಂಡ ದೊಡ್ಡ ಕೊರತೆ ಕೋಚ್‌ಗಳದು. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸಲಾರರು, ಕಲಿಸುವುದೇ ಬೇರೆ ವಿದ್ಯೆ.

ಅದರ ಫಲವಾಗಿ 1961ರ ಮೇ 7ರಂದು ಪಟಿಯಾಲದ ಮೋತಿ ಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಕ್ರೀಡಾ ವಲಯದಲ್ಲಿ ಎಲ್ಲರೂ 'ಎನ್‌ಐಎಸ್' ಅನ್ನುವುದು ಇದನ್ನೇ. ಹಾಕಿಯ ಧ್ಯಾನ್‌ಚಂದ್ ಇಲ್ಲಿ ಮುಖ್ಯ ಕೋಚ್ ಆಗಿದ್ದರು. 1973ರಲ್ಲಿ ಇದಕ್ಕೆ ನೇತಾಜಿ ಸುಭಾಷರ ಹೆಸರಿಟ್ಟರು. 1982ರ ದೆಹಲಿ ಏಷ್ಯಾಡ್ ನಂತರ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಬಂತು. 1987ರಲ್ಲಿ ಪಟಿಯಾಲವೂ ಗ್ವಾಲಿಯರೂ ಅದರೊಳಗೆ ಸೇರಿದವು. ಗ್ವಾಲಿಯರ್ ಮುಂದೆ ಬೇರೆಯಾಯಿತು.

ಈ ಓದು ಏನು ಮಾಡಬಲ್ಲದು ಅನ್ನುವುದಕ್ಕೆ ಒ.ಎಂ. ನಂಬಿಯಾರ್ ಅವರನ್ನು ನೋಡಿ. ವಾಯುಸೇನೆಯಲ್ಲಿದ್ದವರು. ಓಡುತ್ತಿದ್ದರು, ಒಲಿಂಪಿಕ್ಸ್‌ವರೆಗೆ ಹೋಗಲಿಲ್ಲ. ಪಟಿಯಾಲದಲ್ಲಿ ಕೋಚಿಂಗ್ ಓದಿ ಕೇರಳಕ್ಕೆ ಮರಳಿದರು. 1976ರಲ್ಲಿ ಕಣ್ಣೂರಿನಲ್ಲಿ ಹೆಣ್ಣುಮಕ್ಕಳ ಕ್ರೀಡಾ ಶಾಲೆ ಶುರುವಾದಾಗ ಅವರ ಕಣ್ಣಿಗೆ ಬಿದ್ದ ಸಣಕಲು ಹುಡುಗಿ ಪಿ.ಟಿ. ಉಷಾ. 1984ರ ಲಾಸ್ ಏಂಜಲೀಸ್‌ನಲ್ಲಿ ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಿನ ಮೂವರಲ್ಲಿ ನಂಬಿಯಾರ್ ಒಬ್ಬರು. ಬೆಳಗಾವಿಯ ಚೌಗುಲೆಗೆ 1920ರಲ್ಲಿ ಇಲ್ಲದೇ ಹೋದದ್ದು ಇಂಥ ಒಬ್ಬರು.

ಸಿದ್ದಿ ಮಕ್ಕಳು ಕಲಿಸಿದ ಪಾಠ

ನಮ್ಮ ರಾಜ್ಯದ್ದೇ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾಗದು. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ಒಂದು ವಿಶೇಷ ಯೋಜನೆ ಮಾಡಿತು. ಯಲ್ಲಾಪುರ, ಹಳಿಯಾಳದ ಕಡೆ ಕಾಡಂಚಿನಲ್ಲಿ ಬದುಕುವ ಸಿದ್ದಿ ಸಮುದಾಯದ ಹಿರಿಯರು ಆಫ್ರಿಕಾ ಮೂಲದವರು. ಆ ಮಕ್ಕಳು ಅಥ್ಲೆಟಿಕ್ಸ್‌ನಲ್ಲಿ ಮಿಂಚಬಹುದು ಎಂದು ಆಯ್ಕೆ ಮಾಡಿ ತರಬೇತಿ ಕೊಟ್ಟರು. ಕೇಂದ್ರ ಸಚಿವೆಯಾಗಿದ್ದ ಮಾರ್ಗರೆಟ್ ಆಳ್ವ ಇದಕ್ಕೆ ಒತ್ತಾಸೆಯಾಗಿದ್ದರು. ಮಕ್ಕಳು ಗೆದ್ದರು, ಪದಕ ತಂದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸವೂ ಸಿಕ್ಕಿತು.

1990ರ ದಶಕದ ಮೊದಲ ಭಾಗದಲ್ಲೇ ಯೋಜನೆ ನಿಂತಿತು. ಉಳಿದವರು ಊರಿಗೆ ಮರಳಿದರು. ಎರಡು ದಶಕದ ಮೇಲೆ ಮತ್ತೆ ಹೊಸದಾಗಿ ಹುಡುಕಾಟ ನಡೆಸಬೇಕಾಯಿತು.

ಎಲ್ಲಿ ತಪ್ಪಿತು? ನಮಗೆ ಕಾಣುವುದು ಇಷ್ಟು. ಆ ಯೋಜನೆ ಓಟಗಾರರನ್ನು ಹುಡುಕಿತು. ಊರಲ್ಲೇ ಇದ್ದು ಮುಂದಿನ ಮಕ್ಕಳನ್ನು ತಯಾರು ಮಾಡುವ ಕೋಚ್‌ಗಳನ್ನು ಬೆಳೆಸುವುದು ಅದರ ಗುರಿಯಾಗಿರಲಿಲ್ಲ. ಓಟಗಾರರ ಆಟ ಮೂವತ್ತರ ಸುಮಾರಿಗೆ ಮುಗಿಯುತ್ತದೆ. ಅವರಲ್ಲಿ ಹತ್ತು ಮಂದಿ ಕಲಿಸುವುದನ್ನು ಓದಿದ್ದರೆ, ಯೋಜನೆ ನಿಂತರೂ ಅಭ್ಯಾಸ ನಿಲ್ಲುತ್ತಿರಲಿಲ್ಲ.

ಇದು ಎಲ್ಲ ಹಳ್ಳಿಗಳ ಕಥೆಯೂ ಹೌದು. ಕಬಡ್ಡಿ ಆಡುವಾಗ ಹುಡುಗಿಯ ಮೊಣಕಾಲು ತಿರುಚುತ್ತದೆ. ಉಜ್ಜಿ, ಎಳೆದು, ಪಟ್ಟಿ ಸುತ್ತಿ ಮಾರನೇ ದಿನ ಮತ್ತೆ ಆಡಿಸುತ್ತಾರೆ. ಒಳಗೆ ಲಿಗಮೆಂಟ್ ಹರಿದಿದ್ದರೆ ಅಲ್ಲಿಗೆ ಅವಳ ಆಟ ಮುಗಿದಂತೆ. ಓದಿದವರೊಬ್ಬರು ಅಂಗಳದಲ್ಲಿದ್ದರೆ ಮೊದಲು ಹೇಳುವ ಮಾತು 'ನಿಲ್ಲಿಸಿ, ಆಸ್ಪತ್ರೆಗೆ ಹೋಗಿ' ಎಂದು. ಆ ಒಂದು ಮಾತಿನ ಬೆಲೆ ದೊಡ್ಡದು.

ಈಗ ಓದಬೇಕೆನ್ನುವವರಿಗೆ

ಇವತ್ತು ದಾರಿಗಳು ಹಲವು. ಪಿಯುಸಿ ಆದಮೇಲೆ ಎರಡು ವರ್ಷದ ಡಿ.ಪಿ.ಎಡ್. ಇದೆ. ಮೂರು ವರ್ಷದ ಬಿ.ಪಿ.ಇ.ಎಸ್. ಪದವಿ ಇದೆ. ಯಾವುದೇ ಡಿಗ್ರಿ ಆದವರಿಗೆ ಬಿ.ಪಿ.ಎಡ್., ಆಮೇಲೆ ಎಂ.ಪಿ.ಎಡ್. ಹಿಂದೆ ಬಿ.ಪಿ.ಎಡ್. ಒಂದು ವರ್ಷದ್ದಾಗಿತ್ತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, 2014ರ ನಿಯಮದಿಂದ ಎರಡು ವರ್ಷವಾಯಿತು. ಅಂಕದ ಜೊತೆಗೆ ಆಟದಲ್ಲಿ ಭಾಗವಹಿಸಿದ ಪ್ರಮಾಣಪತ್ರವನ್ನೂ ನೋಡುತ್ತಾರೆ. ಆದ್ದರಿಂದ ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟುಗಳನ್ನು ಜೋಪಾನ ಮಾಡಿ. ಗೆಲ್ಲದಿದ್ದರೂ ಅವು ಬೇಕಾಗುತ್ತವೆ.

ಕೋಚ್ ಆಗಬೇಕೆನ್ನುವವರಿಗೆ ಎನ್‌ಐಎಸ್ ಡಿಪ್ಲೊಮಾ. ಪಟಿಯಾಲದವರೆಗೆ ಹೋಗಲೇಬೇಕೆಂದಿಲ್ಲ, ಕೆಲವು ಆಟಗಳಿಗೆ ಬೆಂಗಳೂರಿನ ಕೇಂದ್ರದಲ್ಲೂ ನಡೆಯುತ್ತದೆ. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಫಿಸಿಯೋಥೆರಪಿ, ಕ್ರೀಡಾ ವಿಜ್ಞಾನ, ಪೌಷ್ಟಿಕತೆ ಇವೆ. ಇದಲ್ಲದೆ ಜಿಮ್ ತರಬೇತುದಾರರು, ಯೋಗ ಶಿಕ್ಷಕರು, ಅಂಪೈರ್, ರೆಫರಿ, ಮೈದಾನ ನೋಡಿಕೊಳ್ಳುವವರು, ಎಲ್ಲರೂ ಈ ಉದ್ಯಮದವರೇ.

ಆದರೆ ಸಿಹಿ ಮಾತ್ರ ಹೇಳಿ ಮುಗಿಸಿದರೆ ನಾವು ಪತ್ರಕರ್ತರಲ್ಲ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ಆಗುವುದಿಲ್ಲ. ಪ್ರತಿ ಶಾಲೆಯಲ್ಲೂ ದೈಹಿಕ ಶಿಕ್ಷಕರಿಲ್ಲ. ಇರುವವರಿಗೂ ಬೇರೆ ವಿಷಯದ ಶಿಕ್ಷಕರಿಗಿರುವ ಸ್ಥಾನಮಾನ, ಬಡ್ತಿ ಬೇಕೆಂದು, ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ರಾಜ್ಯದ ದೈಹಿಕ ಶಿಕ್ಷಕರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಡ್ರಿಲ್ ಮಾಸ್ತರರಿಗೆ ಓದು ಯಾಕೆ ಅನ್ನುವ ಹಳೆಯ ಭಾವನೆ ಕಚೇರಿಗಳಲ್ಲೂ ಪೂರ್ತಿ ಹೋಗಿಲ್ಲ. ಖಾಸಗಿ ಶಾಲೆ, ಜಿಮ್‌ಗಳಲ್ಲಿ ಮೊದಲ ವರ್ಷಗಳ ಸಂಬಳ ಕಡಿಮೆ. ಲೆಕ್ಕ ಹಾಕಿಯೇ ಇಳಿಯಿರಿ.

ಇನ್ನೊಂದು ಎಚ್ಚರಿಕೆ. ಫೀಸು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಬಿ.ಪಿ.ಎಡ್., ಡಿ.ಪಿ.ಎಡ್. ಆದರೆ, ಆ ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ? ಅದರ ವೆಬ್‌ಸೈಟಿನಲ್ಲಿ ಪಟ್ಟಿ ಸಿಗುತ್ತದೆ, ಮೊಬೈಲಲ್ಲೇ ನೋಡಬಹುದು. ಜಿಮ್ ಅಥವಾ ಫಿಟ್‌ನೆಸ್ ಕೋರ್ಸ್ ಆದರೆ, ಆ ಸರ್ಟಿಫಿಕೇಟನ್ನು ಯಾರು ಒಪ್ಪುತ್ತಾರೆ? ಉತ್ತರ ಹಾರಿಕೆಯದಾಗಿದ್ದರೆ ಹಿಂದೆ ಸರಿಯಿರಿ.

ಪೋಷಕರಿಗೆ ಒಂದು ಮಾತು. ಮಗಳು ಬಿ.ಪಿ.ಎಡ್. ಮಾಡುತ್ತೇನೆ ಅಂದರೆ 'ಓದೋಕೆ ಬೇರೆ ಏನೂ ಸಿಗಲಿಲ್ವಾ' ಅನ್ನಬೇಡಿ. ಹೆಣ್ಣುಮಕ್ಕಳನ್ನು ಪಂದ್ಯಕ್ಕೆ ದೂರದ ಊರಿಗೆ ಕಳಿಸುವಾಗ ಜೊತೆಗೆ ಮೇಡಂ ಇದ್ದಾರಾ ಎಂದು ನೀವೇ ಮೊದಲು ಕೇಳುತ್ತೀರಿ. ಆ ಮೇಡಂ ಎಲ್ಲಿಂದಲೋ ಇಳಿದು ಬರುವುದಿಲ್ಲ. ಯಾರದೋ ಮನೆಯ ಮಗಳು ಓದಬೇಕು. ಈ ವರ್ಷ ನಿಮ್ಮ ಊರಿನ ಶಾಲೆಯಲ್ಲಿ ಪಿ.ಟಿ. ಹುದ್ದೆ ಖಾಲಿ ಇದೆಯೇ, ಎಷ್ಟು ವರ್ಷದಿಂದ ಖಾಲಿ ಇದೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ ನೋಡಿ. ಉತ್ತರ ಸಿಕ್ಕರೆ ನಮಗೂ ಬರೆದು ಕಳಿಸಿ.